ಒಂದು ತೋಟದ ಲೈನ್ ಕಟ್ ಆದ್ರೆ 38 ತೋಟದ ಸರ್ವರೂ ನಿಲ್ತದೆ, ಯಾಕೆ? ಪೈಥಾನ್ ಅಸಿಂಕ್‌ಐಒ ಗೊತ್ತಿದ್ದವರು ನೋಡಿ

ಸುರಂಗದನೀರು:

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಪೆರ್ಲ ಕಡೆಯವ, ಮೋಟರ್ ಸ್ಟಾರ್ಟರ್ ರಿಪೇರಿ ಕೆಲಸ ಮಾಡ್ತೇನೆ, ಪೈಥಾನ್ ರಾತ್ರಿ ಕೂತು ಕಲ್ತದ್ದು. ಪ್ರಶ್ನೆ ಸ್ವಲ್ಪ ಉದ್ದ ಉಂಟು, ಪೂರ್ತಿ ಹೇಳದಿದ್ರೆ ನಿಮಗೆ ತಲೆಬುಡ ಗೊತ್ತಾಗ್ಲಿಕ್ಕಿಲ್ಲ, ದಯವಿಟ್ಟು ಓದಿ.

ನಮ್ಮ ಕಡೆ ಅಡಿಕೆ ತೋಟಕ್ಕೆ ನೀರು ಅಂದ್ರೆ ತುಂಬ ಮನೆಗಳಿಗೆ ಈಗಲೂ ಸುರಂಗವೇ. ಗುಡ್ಡೆಯ ಮುರಕಲ್ಲಿಗೆ ಅಡ್ಡಕ್ಕೆ ಕೊರೆದ ಸುರಂಗದಿಂದ ನೀರು ಸಣ್ಣಕ್ಕೆ ಹರಿದು ಬಂದು ಟಾಂಕಿ ತುಂಬ್ತದೆ, ಅಲ್ಲಿಂದ ಪಂಪು ಹಾಕಿ ಸ್ಪ್ರಿಂಕ್ಲರಿಗೆ ಬಿಡುದು. ಡಿಸೆಂಬರಲ್ಲಿ ತೊಂದರೆ ಇಲ್ಲ. ಮಾರ್ಚ್ ಏಪ್ರಿಲ್ ಬಂದಾಗ ನೀರು ನೂಲಿನ ಹಾಗೆ ಆಗ್ತದೆ, ಪಂಪು ಎಳೆಯುವ ವೇಗಕ್ಕೆ ಟಾಂಕಿ ತುಂಬುದಿಲ್ಲ, ಟಾಂಕಿ ಖಾಲಿ ಆದದ್ದು ಯಾರೂ ನೋಡದಿದ್ರೆ ಪಂಪು ಒಣಗಿ ಓಡಿ ಓಡಿ ಸುಟ್ಟುಹೋಗ್ತದೆ. ಅದಕ್ಕೆ ನಾನು ಇಎಸ್‌ಪಿ32 ಅಂತ ಸಣ್ಣ ಕಂಪ್ಯೂಟರ್ ಬೋರ್ಡು, ಸಿಮ್ ಹಾಕುವ ಮೋಡೆಮ್, ಟಾಂಕಿಗೆ ಒಂದು ಲೆವೆಲ್ ಸೆನ್ಸರ್ ಇಷ್ಟು ಸೇರಿಸಿ ಪೆಟ್ಟಿಗೆ ಮಾಡಿ ಗುರ್ತದವರ 38 ತೋಟಕ್ಕೆ ಹಾಕಿದ್ದೇನೆ. ಪ್ರತಿ 30 ಸೆಕೆಂಡಿಗೆ ಒಂದು ಸಾಲು ಸರ್ವರಿಗೆ ಕಳಿಸ್ತದೆ, ತೋಟದ ನಂಬರು, ನೀರಿನ ಮಟ್ಟ, ಮೋಟರಿನ ಆಂಪಿಯರ್. ನೀರು ಕಡಿಮೆ ಆದ್ರೆ ಸರ್ವರ್ ತಿರುಗಿ "ಆಫ್" ಅಂತ ಕಳಿಸ್ತದೆ.

ಸರ್ವರ್ ಮೊದಲು ಥ್ರೆಡ್ (ಒಂದೇ ಪ್ರೋಗ್ರಾಮಿನ ಒಳಗೆ ಬೇರೆ ಬೇರೆಯಾಗಿ ಓಡುವ ಕೆಲಸ) ಹಾಕಿ ಬರೆದದ್ದು, ಒಂದು ತೋಟಕ್ಕೆ ಒಂದು ಥ್ರೆಡ್. ಮತ್ತೆ ಎಲ್ಲರೂ ಅಸಿಂಕ್‌ಐಒ (ಒಂದೇ ಥ್ರೆಡ್ಡಲ್ಲಿ ಎಲ್ಲ ಕನೆಕ್ಷನ್ ನೋಡಿಕೊಳ್ಳುವ ಪೈಥಾನ್ ಲೈಬ್ರರಿ) ಒಳ್ಳೆದು ಅಂದ್ರು ಅಂತ ಹೋದ ತಿಂಗಳು ಅದಕ್ಕೆ ಬದಲಿಸಿದೆ. ಪೈಥಾನ್ 3.11, ಬಾಡಿಗೆಗೆ ತೆಗೊಂಡ ಸಣ್ಣ ಲಿನಕ್ಸ್ ಸರ್ವರು. ಈಗ ಆಗ್ತಾ ಇರುದು ಇಷ್ಟು:

ದಿನಕ್ಕೆ ಒಂದೆರಡು ಸಲ ಸರ್ವರ್ ಪೂರ್ತಿ ನಿಂತುಬಿಡ್ತದೆ. ಕ್ರ್ಯಾಶ್ ಅಲ್ಲ, ಪ್ರೋಗ್ರಾಮ್ ಓಡ್ತಾ ಉಂಟು, ಸಿಪಿಯು 100 ಪರ್ಸೆಂಟ್ ತೋರಿಸ್ತದೆ, ಆದ್ರೆ ಒಂದು ತೋಟದ್ದೂ ಡೇಟಾ ಬರುದಿಲ್ಲ. ಲಾಗ್ ನೋಡಿದ್ರೆ ಅದಕ್ಕೆ ಸ್ವಲ್ಪ ಮೊದಲು ಯಾವುದಾದ್ರೂ ಒಂದು ತೋಟ ಡಿಸ್‌ಕನೆಕ್ಟ್ ಆಗಿರ್ತದೆ. ಇನ್ನು ಕೆಲವು ಸಲ ಸರಿಯಾಗಿ 5 ಸೆಕೆಂಡು ಮಾತ್ರ ನಿಂತು ಮತ್ತೆ ತಾನೇ ಹೊರಡ್ತದೆ. ಕರೆಂಟು ಹೋಗಿ ಬಂದ ಮೇಲೆ ಒಂದು ನಿಮಿಷಕ್ಕಿಂತ ಜಾಸ್ತಿ ಯಾರದ್ದೂ ಸುದ್ದಿ ಇಲ್ಲ. ಎಲ್ಲಕ್ಕಿಂತ ಬೇಜಾರಿದ್ದು, ಮೊನ್ನೆ ನನ್ನ ಸೋದರಮಾವನ ತೋಟದಲ್ಲಿ ನೀರು ಮುಗಿದಾಗ ಸರ್ವರ್ "ಆಫ್ ಕಳಿಸಿದೆ" ಅಂತ ಲಾಗ್ ಬರ್ದಿದೆ, ಎರರ್ ಇಲ್ಲ, ಆದ್ರೆ ಪಂಪು ಆಫ್ ಆಗ್ಲೇ ಇಲ್ಲ. 5 ಎಚ್‌ಪಿ ಮೋಟರು, ವೈಂಡಿಂಗ್ ಪೂರ್ತಿ ಹೋಯ್ತು. ಮಾವ ಒಂದು ಮಾತೂ ಹೇಳ್ಲಿಲ್ಲ, ಅದೇ ನನಗೆ ತಡೆಯುದಿಲ್ಲ.

ಥ್ರೆಡ್ ಇದ್ದಾಗ ಇಷ್ಟು ಕಷ್ಟ ಇರ್ಲಿಲ್ಲ. ಹಿಂದೆ ಹೋಗುದಾ? ನಾನು ಹತ್ತರವರೆಗೆ ಕನ್ನಡ ಮೀಡಿಯಂ, ಇಂಗ್ಲಿಷ್ ಡಾಕ್ಯುಮೆಂಟ್ ಓದ್ತೇನೆ, ಆದ್ರೆ ನಿಧಾನ. ಕೆಲವದರಲ್ಲಿ ಯೀಲ್ಡ್ ಫ್ರಮ್ ಅಂತ ಉಂಟು, ಕೆಲವದರಲ್ಲಿ ಅವೇಟ್, ಯಾವುದು ಸರಿ ಅಂತಲೂ ಗೊತ್ತಾಗುದಿಲ್ಲ.

ಕುಂಬಳೆಹೊಳೆ:

ಹಿಂದೆ ಹೋಗ್ಬೇಡಿ, ಮೊದ್ಲು ನೋಡುವ. ಯೀಲ್ಡ್ ಫ್ರಮ್ ಇರುವ ಪಾಠ ಎಲ್ಲ ಬಿಟ್ಟುಬಿಡಿ. ಅಸಿಂಕ್‌ಐಒ ಬಂದದ್ದು 2014ರಲ್ಲಿ ಪೈಥಾನ್ 3.4 ಜೊತೆ, ಆಗ ಹಾಗೆ ಬರೀತಿದ್ರು. 2015ರ 3.5ರಲ್ಲಿ ಅಸಿಂಕ್, ಅವೇಟ್ ಬಂತು. ಹಳೆ ರೀತಿಯ ಕೊರುಟೀನ್ ಡೆಕೊರೇಟರ್ ನಿಮ್ಮ 3.11ರಲ್ಲಿ ತೆಗ್ದೇ ಹಾಕಿದ್ದಾರೆ, ಅದನ್ನು ನೋಡಿ ಬರೆದ್ರೆ ಓಡುದೇ ಇಲ್ಲ.

ಈಗ ಹೇಳಿ, ಒಂದು ತೋಟದ ಕನೆಕ್ಷನ್ ನೋಡಿಕೊಳ್ಳುವ ಫಂಕ್ಷನ್ ಒಳಗೆ ಏನೇನು ಮಾಡ್ತೀರಿ? ಸಾಲು ಓದುದು ಹೇಗೆ, ಡೇಟಾ ಎಲ್ಲಿ ಇಡುದು, ಎಸ್ಎಂಎಸ್ ಎಂತ ಕಳಿಸ್ತೀರಾ? ಕೋಡ್ ಹಾಕ್ಬೇಡಿ, ಇಲ್ಲಿ ಸ್ಪೇಸ್ ಎಲ್ಲ ಕಲಸಿಹೋಗ್ತದೆ, ಬಾಯಲ್ಲಿ ಹೇಳಿದ ಹಾಗೆ ಬರೀರಿ.

ಸುರಂಗದನೀರು:

ಆಯ್ತಣ್ಣ. ವೈಲ್ ಟ್ರೂ ಒಳಗೆ ಅವೇಟ್ ಹಾಕಿ ರೀಡ್‌ಲೈನ್. ಸಾಲು ಖಾಲಿ ಬಂದ್ರೆ ಕಂಟಿನ್ಯೂ, ಅಂದ್ರೆ ಬಿಟ್ಟು ಮುಂದಿನ ಸಾಲು ಓದುದು, ಯಾಕಂದ್ರೆ ಮೋಡೆಮ್ ಕೆಲವು ಸಲ ಸುಮ್ನೆ ಖಾಲಿ ಸಾಲು ಕಳಿಸ್ತದೆ. ಸಾಲು ಸರಿ ಇದ್ರೆ ಬಿಡಿಸಿ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲಿಗೆ ಹಾಕಿ ಕಮಿಟ್. ಅದೇ ಫೈಲನ್ನು ತಮ್ಮ ಇನ್ನೊಂದು ಪ್ರೋಗ್ರಾಮಲ್ಲಿ ಓಪನ್ ಮಾಡಿ ತಿಂಗಳ ರಿಪೋರ್ಟ್ ತೆಗೀತಾನೆ. ತೋಟ ಹೊಸದಾಗಿ ಕನೆಕ್ಟ್ ಆದ್ರೆ ಅಥವಾ ನೀರು ಕಡಿಮೆ ಆದ್ರೆ ಮನೆಯವರಿಗೆ ಎಸ್ಎಂಎಸ್, ಅದು ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಪೋಸ್ಟ್ ಮಾಡುದು, ಒಂದಕ್ಕೆ ಸುಮಾರು 2 ಸೆಕೆಂಡು ಬೇಕು. ತೋಟದ ನಂಬರಿಗೆ ಅದರ ರೈಟರ್ (ಆ ತೋಟಕ್ಕೆ ಕಳಿಸುವ ದಾರಿ) ಒಂದು ಡಿಕ್ಷನರಿಯಲ್ಲಿ ಇಟ್ಟಿದ್ದೇನೆ, ಆಫ್ ಕಳಿಸುದಾದ್ರೆ ಅದರಿಂದ ತೆಗೆದು ರೈಟ್, ಮತ್ತೆ ಡ್ರೈನ್. ಕನೆಕ್ಷನ್ ಮುಗಿದಾಗ ಫೈನಲಿಯಲ್ಲಿ (ಎರರ್ ಬಂದ್ರೂ ಕೊನೆಗೆ ಓಡುವ ಭಾಗ) ಡಿಕ್ಷನರಿಯಿಂದ ಅಳಿಸ್ತೇನೆ. ಇಷ್ಟೇ, ಒಟ್ಟು 160 ಸಾಲು.

ನೀರ್ಚಾಲಿನವ:

ಸಿಕ್ಕಿತು ಮಾರಾಯ್ರೆ, ನಿಮ್ಮ ಖಾಲಿ ಸಾಲಿನ ಕಂಟಿನ್ಯೂ! ಪೂರ್ತಿ ನಿಲ್ಲುದಕ್ಕೆ ಅದೊಂದೇ ಕಾರಣ ಸಾಕು. ಬಿಡಿಸಿ ಹೇಳ್ತೇನೆ, ಯಾಕಂದ್ರೆ ಇದು ಹೊಸಬರು ಮಾತ್ರ ಅಲ್ಲ, ಹತ್ತು ವರ್ಷ ಕೆಲಸ ಮಾಡಿದವರೂ ಬೀಳುವ ಹೊಂಡ.

ಆಚೆಯವ ಕನೆಕ್ಷನ್ ಸರಿಯಾಗಿ ಕ್ಲೋಸ್ ಮಾಡಿದ್ರೆ ರೀಡ್‌ಲೈನ್ ನಿಮಗೆ ಖಾಲಿ ಬೈಟ್ಸ್ ಕೊಡ್ತದೆ. ಅದು ಖಾಲಿ ಸಾಲು ಅಲ್ಲ. ಖಾಲಿ ಸಾಲಿನಲ್ಲಿ ಕಡೇಪಕ್ಷ ಹೊಸಸಾಲಿನ ಗುರುತು ಒಂದಾದ್ರೂ ಇರ್ತದೆ, ಇದರಲ್ಲಿ ಅದೂ ಇಲ್ಲ, ಇದರ ಅರ್ಥ "ಇನ್ನು ಬರ್ಲಿಕ್ಕೆ ಏನೂ ಇಲ್ಲ, ಮುಗೀತು". ನೀವು ಸ್ಟ್ರಿಪ್ ಮಾಡಿ, ಅಂದ್ರೆ ಆ ಗುರುತನ್ನು ತೆಗೆದು ನೋಡಿದ್ರೆ ಎರಡೂ ಒಂದೇ ತರ ಕಾಣ್ತದೆ, ಕಂಟಿನ್ಯೂ ಹೊಡೀತದೆ, ಮತ್ತೆ ರೀಡ್‌ಲೈನ್, ಮತ್ತೆ ಖಾಲಿ, ಮತ್ತೆ ಕಂಟಿನ್ಯೂ. ಇಲ್ಲಿ ಗಮನ ಇಡಿ: ಅವೇಟ್ ಬರೆದ ಕೂಡ್ಲೆ ಪ್ರೋಗ್ರಾಮ್ ಬೇರೆಯವರಿಗೆ ಜಾಗ ಬಿಟ್ಟುಕೊಡ್ತದೆ ಅಂತ ಎಲ್ಲರೂ ತಿಳ್ಕೊಳ್ತಾರೆ. ಹಾಗಲ್ಲ. ಕಾಯ್ಲಿಕ್ಕೆ ಏನಾದ್ರೂ ಇದ್ರೆ ಮಾತ್ರ ಬಿಟ್ಟುಕೊಡುದು. ಮುಗಿದ ಕನೆಕ್ಷನಲ್ಲಿ ಕಾಯ್ಲಿಕ್ಕೆ ಎಂತದೂ ಇಲ್ಲ, ಉತ್ತರ ಕೈಯಲ್ಲೇ ಉಂಟು, ಹಾಗಾಗಿ ಇವೆಂಟ್ ಲೂಪಿಗೆ (ಯಾರ ಸರದಿ ಅಂತ ನೋಡುವ ಮುಖ್ಯ ಸುತ್ತು) ಹಿಂದೆ ಹೋಗುದೇ ಇಲ್ಲ, ನಿಂತಲ್ಲೇ ಗಿರಗಿರ. ಸಿಪಿಯು 100, ಉಳಿದ 37 ತೋಟ ಉಪವಾಸ.

ಥ್ರೆಡ್ ಇದ್ದಾಗ ಇದೇ ತಪ್ಪು ಇತ್ತು, ಕಂಡದ್ದಿಲ್ಲ ಅಷ್ಟೆ. ಅಲ್ಲಿ ಒಂದು ಥ್ರೆಡ್ ಗಿರಗಿರ ತಿರುಗಿದ್ರೂ ಸ್ವಲ್ಪ ಹೊತ್ತಿಗೆ ಅದನ್ನು ಎಳೆದು ಪಕ್ಕಕ್ಕೆ ಇಟ್ಟು ಬೇರೆ ಥ್ರೆಡ್ಡಿಗೆ ಅವಕಾಶ ಕೊಡುವವರು ಇದ್ದಾರೆ. ಅಸಿಂಕ್‌ಐಒದಲ್ಲಿ ಎಳೆಯುವವರು ಯಾರೂ ಇಲ್ಲ, ತಾನಾಗಿ ಎದ್ದು ಜಾಗ ಬಿಡ್ಬೇಕು.

ನಮ್ಮ ಕಡೆ ಜೆಂಬರದ ಊಟ ನೆನೆಸಿಕೊಳ್ಳಿ. ಇಡೀ ಹಂತಿಗೆ ಸಾರು ಬಡಿಸ್ಲಿಕ್ಕೆ ಒಬ್ಬನೇ. ಆದ್ರೂ ಯಾಕೆ ನಡೀತದೆ? ಅವ ಒಬ್ಬರ ಎಲೆಗೆ ಹಾಕಿ, ಅವರು ಉಂಡು ಮುಗಿಸುವವರೆಗೆ ನಿಲ್ಲುದಿಲ್ಲ, ಮುಂದಿನ ಎಲೆಗೆ ಹೋಗ್ತಾನೆ, ಯಾರು ಕೈ ಎತ್ತಿದ್ರೋ ಅವರ ಹತ್ರ ತಿರುಗಿ ಬರ್ತಾನೆ. ಅದೇ ಇವೆಂಟ್ ಲೂಪ್. ಯಾರು ಕೈ ಎತ್ತಿದ್ರು ಅಂತ ನೋಡಿ ಹೇಳುವ ಕೆಲಸ ಲಿನಕ್ಸ್‌ನಲ್ಲಿ ಈಪೋಲ್‌ನದ್ದು. ಈಗ ಆ ಬಡಿಸುವವನೇ ಸಾರು ಮುಗೀತು ಅಂತ ಅಡಿಗೆ ಕೊಟ್ಟಿಗೆಗೆ ಹೋಗಿ ಕಾಯಿ ತುರೀಲಿಕ್ಕೆ ಕೂತ್ರೆ? ಹಂತಿ ಪೂರ್ತಿ ಕೈ ಎತ್ತಿ ಕೂತಿರ್ತದೆ. ನಿಮ್ಮ ರಿಕ್ವೆಸ್ಟ್ಸ್ ಪೋಸ್ಟ್ ಅದೇ. ಕರೆಂಟು ಬಂದ ಕೂಡ್ಲೆ 38 ತೋಟ ಕನೆಕ್ಟ್ ಆಗ್ತದೆ, ಒಂದೊಂದಕ್ಕೂ ಎಸ್ಎಂಎಸ್, ಒಂದೊಂದು 2 ಸೆಕೆಂಡು, ಲೆಕ್ಕ ಹಾಕಿ, 76 ಸೆಕೆಂಡು. ನೀವು ಹೇಳಿದ ಒಂದು ನಿಮಿಷಕ್ಕಿಂತ ಜಾಸ್ತಿ ಅಂದ್ರೆ ಇದೇ. ಮತ್ತೆ ರಿಕ್ವೆಸ್ಟ್ಸಿಗೆ ಟೈಮ್‌ಔಟ್ ನೀವು ಕೊಡದಿದ್ರೆ ತಾನಾಗಿ ಇರುದಿಲ್ಲ, ಆಚೆ ಸರ್ವರ್ ಉತ್ತರ ಕೊಡದೆ ಸುಮ್ಮನಿದ್ರೆ ನಿಮ್ಮದೂ ಅಲ್ಲೇ ಕೂತಿರ್ತದೆ.

ಕಾಯಿ ತುರಿಯುವ ಕೆಲಸ ಒಳಗಿನವರಿಗೆ ಹೇಳಿ ಬನ್ನಿ. ಅಸಿಂಕ್‌ಐಒದಲ್ಲಿ ಟು ಥ್ರೆಡ್ ಅಂತ ಉಂಟು, 3.9ರಿಂದ. ಪೋಸ್ಟ್ ಫಂಕ್ಷನನ್ನು ಅದಕ್ಕೆ ಕೊಟ್ಟು ಅವೇಟ್ ಮಾಡಿದ್ರೆ ಕೆಲಸ ಬೇರೆ ಥ್ರೆಡ್ಡಲ್ಲಿ ಆಗ್ತದೆ, ಲೂಪ್ ಫ್ರೀ. ಇನ್ನೂ ಚಂದ ಅಂದ್ರೆ ಎಸ್ಎಂಎಸ್ಸಿಗೆ ಒಂದು ಕ್ಯೂ ಇಡಿ, ತೋಟದ ಹ್ಯಾಂಡ್ಲರ್ (ಅದರ ಕನೆಕ್ಷನ್ ನೋಡುವ ಫಂಕ್ಷನ್) ಕ್ಯೂಗೆ ಹಾಕಿ ಮುಂದೆ ಹೋಗ್ಲಿ, ಕ್ಯೂನಿಂದ ತೆಗೆದು ಕಳಿಸ್ಲಿಕ್ಕೆ ಬೇರೆ ಟಾಸ್ಕ್. ಆ ಟಾಸ್ಕನ್ನು ಕ್ರಿಯೇಟ್ ಟಾಸ್ಕ್ ಅಂತ ಹುಟ್ಟಿಸಿದ ಮೇಲೆ ಒಂದು ವೇರಿಯೇಬಲಲ್ಲಿ ಹಿಡಿದಿಟ್ಟುಕೊಳ್ಳಿ. ಲೂಪ್ ಅದನ್ನು ಗಟ್ಟಿ ಹಿಡ್ಕೊಳ್ಳುದಿಲ್ಲ, ಬೇರೆ ಯಾರೂ ಹಿಡಿಯದಿದ್ರೆ ಗಾರ್ಬೇಜ್ ಕಲೆಕ್ಟರ್ ಅರ್ಧದಲ್ಲೇ ಗುಡಿಸಿ ಹಾಕ್ಬಹುದು, ಎಸ್ಎಂಎಸ್ ಹೋಗುದು ಯಾಕೆ ನಿಂತಿತು ಅಂತ ನೀವು ವಾರಗಟ್ಲೆ ಹುಡುಕ್ತೀರಿ.

ಇನ್ನು 5 ಸೆಕೆಂಡಿಂದು. "ಸರಿಯಾಗಿ 5" ಅಂತ ಬರ್ದಿರಲ್ಲ, ಅದು ಓದಿದಾಗಲೇ ಅನ್ಸಿತು. ಪೈಥಾನಿನ ಎಸ್‌ಕ್ಯೂಲೈಟ್ ಕನೆಕ್ಟಿಗೆ ಟೈಮ್‌ಔಟ್ ಡಿಫಾಲ್ಟ್ 5 ಸೆಕೆಂಡು. ತಮ್ಮ ರಿಪೋರ್ಟ್ ಓದ್ತಾ ಇರುವಾಗ ಫೈಲಿಗೆ ಅವನ ಬೀಗ, ನಿಮ್ಮ ಕಮಿಟ್ ಬಾಗಿಲಲ್ಲಿ 5 ಸೆಕೆಂಡು ಕಾಯ್ತದೆ, ಮತ್ತೆ ಡೇಟಾಬೇಸ್ ಲಾಕ್ ಆಗಿದೆ ಅಂತ ಎರರ್ ಬರ್ತದೆ, ಲಾಗಲ್ಲಿ ಹುಡುಕಿ, ಇರ್ಲೇಬೇಕು. ವಾಲ್ ಮೋಡಿಗೆ (ಬದಲಾದದ್ದನ್ನು ಮೊದಲು ಬೇರೆ ಫೈಲಿಗೆ ಬರೆಯುವ ಕ್ರಮ) ಹಾಕಿ, ಒಂದೇ ಪ್ರಾಗ್ಮಾ ಸಾಲು, ಆಗ ಓದುವವರು ಬರೆಯುವವರನ್ನು ತಡೆಯುದಿಲ್ಲ. ಬರೆಯುದನ್ನೂ ಲೂಪಿನಿಂದ ಹೊರಗೆ ಹಾಕಿ. ಆದ್ರೆ ಇಲ್ಲಿ ಟು ಥ್ರೆಡ್ ಬೇಡ, ಎಸ್‌ಕ್ಯೂಲೈಟ್ ಕನೆಕ್ಷನ್ ಹುಟ್ಟಿದ ಥ್ರೆಡ್ಡಲ್ಲೇ ಬಳಸ್ಬೇಕು, ಟು ಥ್ರೆಡ್ ಒಂದೊಂದು ಸಲ ಒಂದೊಂದು ಥ್ರೆಡ್ಡಿಗೆ ಕೊಡ್ತದೆ, ಎರರ್ ಬರ್ತದೆ. ಥ್ರೆಡ್‌ಪೂಲ್ ಎಕ್ಸಿಕ್ಯೂಟರಿಗೆ (ಕೆಲಸವನ್ನು ಬೇರೆ ಥ್ರೆಡ್ಡಲ್ಲಿ ಮಾಡಿಸುವುದು) ಒಂದೇ ವರ್ಕರ್ ಅಂತ ಹೇಳಿ ಕನೆಕ್ಟ್ ಮಾಡುದೂ ಬರೆಯುದೂ ಎರಡೂ ಅದರಲ್ಲೇ ಮಾಡಿಸಿ.

ಇವತ್ತೇ ಒಂದು ಕೆಲಸ ಮಾಡಿ. ಅಸಿಂಕ್‌ಐಒ ಡಿಬಗ್ ಮೋಡ್ ಆನ್ ಮಾಡಿ, ಅಸಿಂಕ್‌ಐಒ ರನ್ನಿಗೆ ಡಿಬಗ್ ಟ್ರೂ ಅಂತ ಕೊಟ್ರೆ ಸಾಕು. ಯಾವ ತುಂಡು ಕೋಡು 100 ಮಿಲಿಸೆಕೆಂಡಿಗಿಂತ ಜಾಸ್ತಿ ಲೂಪನ್ನು ಹಿಡ್ಕೊಂಡು ಕೂತಿತ್ತು ಅಂತ ಲಾಗಲ್ಲಿ ಬರೀತದೆ. ನನ್ನ ಊಹೆಗಿಂತ ಅದನ್ನು ನಂಬಿ.

ಜತ್ತಿನಮಂದಿ:

ನಮಸ್ಕಾರ ರೀ. ನಾ ಸಾಂಗ್ಲಿ ಜಿಲ್ಲಾ ಜತ್ ತಾಲೂಕಿನಾಂವ, ನಮ್ಮ ಕಡೆ ಸುರಂಗ ಗಿರಂಗ ಇಲ್ಲ, ಬೋರವೆಲ್ ಮತ್ತ ದ್ರಾಕ್ಷಿ ಪಡಾ. ನಂದೂ ಇಂಥಾದ್ದ ಕೆಲಸ, 60 ಬೋರಿಗೆ ಹಾಕೇನಿ. ನಾ ಒಂದ ಮಾತ ಕೇಳ್ತೇನಿ, ಸ್ವಂತ ಪ್ರೊಟೊಕಾಲ್ ಯಾಕ ಬೇಕು? ಎಂಕ್ಯೂಟಿಟಿ ಐತಲ್ಲ, ಸಣ್ಣ ಡಿವೈಸ್ ಮೆಸೇಜ್ ಕಳಸಾಕ ಮಾಡಿದ್ದ ಪ್ರೊಟೊಕಾಲ್. 1999ರಾಗ ತೈಲದ ಪೈಪ್‌ಲೈನ್ ಮ್ಯಾಲ ನಿಗಾ ಇಡಾಕ, ಸ್ಯಾಟಲೈಟ್ ಲೈನಿನ್ಯಾಗ ಕಡಿಮಿ ಬೈಟಿನ್ಯಾಗ ಕೆಲಸ ಆಗಬೇಕಂತ ಮಾಡಿದ್ದು ಅದು. ನಮ್ಮ ಸಿಗ್ನಲ್ ಸಿಗದ ಹೊಲಕ್ಕ ಹೇಳಿ ಮಾಡಿಸಿದಂಗ ಐತಿ. ಮೊಸ್ಕಿಟೊ ಬ್ರೋಕರ್ (ನಡುವ ನಿಂತ ಮೆಸೇಜ್ ಹಂಚೂ ಪ್ರೋಗ್ರಾಮ್) ಹಾಕ್ರಿ, ಸಾಲು ಅರ್ಧ ಬಂತು, ಕನೆಕ್ಷನ್ ಸತ್ತೈತೋ ಬದುಕೈತೋ ಅನ್ನೋ ಚಿಂತಿ ಎಲ್ಲಾ ಅದ ನೋಡ್ಕೊಂತೈತಿ. ಡಿವೈಸ್ ಹೇಳಿದ ಕೀಪ್ ಅಲೈವ್ ಟೈಮಿನ ಒಂದೂವರಿ ಪಟ್ಟು ಹೊತ್ತು ಸುದ್ದಿ ಬರಲಿಲ್ಲಂದ್ರ ಬ್ರೋಕರ್ ತಾನ ಲೈನ್ ಕಡದ, ಆ ಡಿವೈಸ್ ಮೊದಲ ಬರದಿಟ್ಟ ಲಾಸ್ಟ್ ವಿಲ್ ಮೆಸೇಜ್ ಅದನ್ನ ಕೇಳಾಕ ಕುಂತವರಿಗೆಲ್ಲಾ ಹೇಳತೈತಿ. ನಾ ಮೊದಲ ಎರಡ ವರ್ಷ ಸ್ವಂತ ಬರದು ಒದ್ದಾಡೇನಿ, ಅದಕ್ಕ ಕಳಕಳಿಯಿಂದ ಹೇಳಾಕತ್ತೇನಿ.

ಸುರಂಗದನೀರು:

ಜತ್ತಿನ ಅಣ್ಣ, ಥ್ಯಾಂಕ್ಸ್. 38 ಪೆಟ್ಟಿಗೆಯ ಫರ್ಮ್‌ವೇರ್ ಬದಲಿಸ್ಲಿಕ್ಕೆ ಒಂದೊಂದು ತೋಟಕ್ಕೆ ನಾನೇ ಲ್ಯಾಪ್‌ಟಾಪ್ ಹಿಡ್ಕೊಂಡು ಗುಡ್ಡೆ ಇಳಿದು ಹೋಗ್ಬೇಕು, ಈ ಬೇಸಿಗೆ ಆಗ್ಲಿಕ್ಕಿಲ್ಲ. ಮಳೆ ಹಿಡಿದ ಮೇಲೆ ಪಂಪು ನಿಲ್ತದೆ, ಆಗ ಮಾಡ್ಬಹುದು.

ನೀರ್ಚಾಲಿನ ಅಣ್ಣ, ಖಾಲಿ ಬೈಟ್ಸ್ ಬಂದ್ರೆ ಬ್ರೇಕ್ ಅಂತ ಮಾಡಿದೆ, ಎರಡು ದಿನದಿಂದ ಒಂದು ಸಲವೂ ನಿಲ್ಲಲಿಲ್ಲ. ಲಾಗಲ್ಲಿ ಡೇಟಾಬೇಸ್ ಲಾಕ್ ಎರರ್ 11 ಸಲ ಉಂಟು, ಎಲ್ಲವೂ ತಮ್ಮ ರಿಪೋರ್ಟ್ ತೆಗೆದ ಹೊತ್ತಿಗೆ. ಆದ್ರೆ ಮಾವನ ಪಂಪಿನದ್ದು ಇನ್ನೂ ಗೊತ್ತಾಗ್ಲಿಲ್ಲ. ಅಲ್ಲಿ ಎರರೇ ಇಲ್ಲ ಅಲ್ವಾ, ರೈಟ್ ಆಗಿದೆ, ಡ್ರೈನ್ ಆಗಿದೆ.

ಮುಳ್ಳೇರಿಯಅಕ್ಕ:

ಇದಕ್ಕೆ ನಾನು ಉತ್ತರ ಬರೀತೇನೆ, ನನ್ನ ಕೆಲಸವೇ ಇದು, ಮೀಟರುಗಳಿಂದ ಡೇಟಾ ತೆಗೆಯುವ ಸರ್ವರ್ ಬರೆಯುದು.

ರೈಟ್ ಅಂದ್ರೆ "ತಲುಪಿತು" ಅಂತ ಅಲ್ಲ. ರೈಟ್ ಮಾಡಿದ್ದು ಲಿನಕ್ಸ್ ಕರ್ನಲಿನ ಬಫರಿಗೆ (ಕಾಯುವ ಜಾಗ) ಹೋಗ್ತದೆ, ಅಲ್ಲಿ ಜಾಗ ಇಲ್ಲದಿದ್ರೆ ನಿಮ್ಮದೇ ಪ್ರೋಗ್ರಾಮಿನ ಬಫರಲ್ಲಿ ಕಾಯ್ತದೆ. ಡ್ರೈನ್ ಅಂದ್ರೂ ತಲುಪುವವರೆಗೆ ಕಾಯುದಲ್ಲ, ನಿಮ್ಮ ಬಫರ್ ತುಂಬಿ ಉಕ್ಕುವ ಮಟ್ಟಕ್ಕೆ ಬಂದಿದ್ರೆ ಮಾತ್ರ ನಿಲ್ಸುದು, ಆ ಮಟ್ಟ ಡಿಫಾಲ್ಟಾಗಿ 64 ಕಿಲೋಬೈಟ್. ನಿಮ್ಮ "ಆಫ್" ಎಷ್ಟು, ನಾಲ್ಕೈದು ಬೈಟು. ಹಾಗಾಗಿ ಡ್ರೈನ್ ಕೂಡ್ಲೆ ತಿರುಗಿ ಬರ್ತದೆ, ಲಾಗಿಗೆ "ಕಳಿಸಿದೆ" ಅಂತ ಬೀಳ್ತದೆ. ಅಂಚೆಡಬ್ಬಿಗೆ ಕಾಗದ ಹಾಕಿದ್ದು ಅಷ್ಟೆ.

ಕನೆಕ್ಷನ್ ಸಾಯುದು ಎರಡು ತರ. ಒಂದು ಹೇಳಿ ಹೋಗುದು, ಡಿವೈಸ್ ತಾನೇ ಕ್ಲೋಸ್ ಮಾಡುದು, ಆಗ ನಿಮಗೆ ಖಾಲಿ ಬೈಟ್ಸ್ ಬರ್ತದೆ. ಇನ್ನೊಂದು ಹೇಳದೆ ಹೋಗುದು. ಕರೆಂಟು ಹೋಯ್ತು, ಮೋಡೆಮ್ ಆಫ್ ಆಯ್ತು, ಟವರಿನ ಸಿಗ್ನಲ್ ಹೋಯ್ತು, ಇಲ್ಲ ಮೊಬೈಲ್ ಕಂಪನಿಯ ನ್ಯಾಟ್ (ತುಂಬ ಸಿಮ್ಮಿಗೆ ಒಂದೇ ಇಂಟರ್ನೆಟ್ ವಿಳಾಸ ಹಂಚುವುದು) ನಿಮ್ಮ ಕನೆಕ್ಷನನ್ನು ಮರೆತುಬಿಟ್ಟಿತು. ಆಗ ಸರ್ವರಿಗೆ ಒಂದು ಪ್ಯಾಕೆಟ್ಟೂ ಬರುದಿಲ್ಲ. ಸುಮ್ಮನೆ ಓದ್ಲಿಕ್ಕೆ ಕಾಯ್ತಾ ಇರುವ ಸರ್ವರಿಗೆ ಆ ತೋಟ ಇನ್ನೂ ಬದುಕಿದೆ ಅಂತಲೇ ಲೆಕ್ಕ, ಎಷ್ಟು ದಿನ ಬೇಕಾದ್ರೂ. ನೀವು ಏನಾದ್ರೂ ಕಳಿಸಿದ್ರೆ ಲಿನಕ್ಸ್ ಅದನ್ನು ಮತ್ತೆ ಮತ್ತೆ ಕಳಿಸಿ ನೋಡ್ತದೆ, ಡಿಫಾಲ್ಟ್ ಸೆಟಿಂಗಲ್ಲಿ ಕೈ ಬಿಡ್ಲಿಕ್ಕೆ ಸುಮಾರು 15 ನಿಮಿಷ ಅಥವಾ ಇನ್ನೂ ಜಾಸ್ತಿ. ಒಣಗಿದ ಪಂಪಿಗೆ 15 ನಿಮಿಷ ತುಂಬ ಆಯ್ತು. ಟಿಸಿಪಿ ಕೀಪ್ ಅಲೈವ್ (ಆಚೆಯವರು ಇದ್ದಾರಾ ಅಂತ ಕರ್ನಲ್ ತಾನೇ ಕೇಳುದು) ಹಾಕ್ತೇನೆ ಅಂದ್ರೆ ಅದು ಡಿಫಾಲ್ಟಾಗಿ ಮೊದಲ ಸಲ ಕೇಳುದೇ 7200 ಸೆಕೆಂಡು, ಎರಡು ಗಂಟೆ ಆದ ಮೇಲೆ. ಕಡಿಮೆ ಮಾಡ್ಲಿಕ್ಕೆ ಆಗ್ತದೆ, ಆದ್ರೆ ಅದಕ್ಕೆ ಗೊತ್ತಾಗುದು ಆಚೆ ನೆಟ್‌ವರ್ಕ್ ಉಂಟಾ ಅಂತ ಮಾತ್ರ, ಪೆಟ್ಟಿಗೆ ಒಳಗಿನ ಪ್ರೋಗ್ರಾಮ್ ಹ್ಯಾಂಗ್ ಆಗಿದ್ರೆ ಅದಕ್ಕೆ ಗೊತ್ತಾಗುದಿಲ್ಲ.

ನಿಮ್ಮ ಪೆಟ್ಟಿಗೆ 30 ಸೆಕೆಂಡಿಗೊಮ್ಮೆ ಮಾತಾಡ್ತದೆ, ಅದೇ ನಾಡಿ. ರೀಡ್‌ಲೈನಿಗೆ 90 ಸೆಕೆಂಡಿನ ಟೈಮ್‌ಔಟ್ ಹಾಕಿ, ನಿಮ್ಮ 3.11ರಲ್ಲಿ ಅಸಿಂಕ್‌ಐಒ ಟೈಮ್‌ಔಟ್ ಅಂತಲೇ ಉಂಟು, ಅಸಿಂಕ್ ವಿತ್ ಜೊತೆ. ಮೂರು ಸಲ ಸುದ್ದಿ ಇಲ್ಲ ಅಂದ್ರೆ ಕ್ಲೋಸ್ ಮಾಡಿ, ಮನೆಯವರಿಗೆ ತಿಳಿಸಿ. ನೆಟ್‌ವರ್ಕಿಗೆ ಕಾಯುವ ಯಾವ ಅವೇಟೂ ಟೈಮ್‌ಔಟ್ ಇಲ್ಲದೆ ಇರಬಾರದು, ಡ್ರೈನೂ ಸೇರಿ.

ಮತ್ತೆ ಆಫ್ ಕಮಾಂಡಿಗೆ ಉತ್ತರ ಬೇಕು. "ಆಫ್ 17" ಅಂತ ಒಂದು ನಂಬರ್ ಹಾಕಿ ಕಳಿಸಿ, ಪೆಟ್ಟಿಗೆ ರಿಲೇ ತೆಗೆದು ಆಂಪಿಯರ್ ಸೊನ್ನೆ ಆದ ಮೇಲೆ "ಆಯ್ತು 17" ಅಂತ ಹೇಳ್ಲಿ. 10 ಸೆಕೆಂಡಲ್ಲಿ ಬಾರದಿದ್ರೆ ಮತ್ತೊಮ್ಮೆ, ಆಗಲೂ ಇಲ್ಲದಿದ್ರೆ ಮನೆಗೆ ಫೋನ್.

ಡಿಕ್ಷನರಿಯಲ್ಲಿ ಇನ್ನೊಂದು ತಪ್ಪು ಅಡಗಿ ಕೂತಿದೆ. ಒಂದು ಪೆಟ್ಟಿಗೆಯ ಸಿಗ್ನಲ್ ಹೋಯ್ತು ಅಂತ ಇಟ್ಟುಕೊಳ್ಳಿ, ಹೇಳದೆ ಹೋದದ್ದು. ಸ್ವಲ್ಪದರಲ್ಲಿ ಹೊಸದಾಗಿ ಕನೆಕ್ಟ್ ಆಯ್ತು, ಡಿಕ್ಷನರಿಯಲ್ಲಿ ಹೊಸ ರೈಟರ್ ಕೂತಿತು. ಹಳೆ ಹ್ಯಾಂಡ್ಲರ್ ಇನ್ನೂ ಒಳಗೆ ಕಾಯ್ತಾ ಉಂಟು. ಅದು ಯಾವಾಗಲೋ ಎರರ್ ಬಂದು ಮುಗಿದಾಗ ಅದರ ಫೈನಲಿ ಓಡಿ ತೋಟದ ನಂಬರ್ ನೋಡಿ ಅಳಿಸ್ತದೆ, ಅಳಿಸಿದ್ದು ಯಾರನ್ನು? ಹೊಸದನ್ನು! ಅಳಿಸುವ ಮೊದಲು ಡಿಕ್ಷನರಿಯಲ್ಲಿ ಇರುದು ನಾನೇನಾ ಅಂತ ನೋಡ್ಬೇಕು, ನಾನಾದ್ರೆ ಮಾತ್ರ ಅಳಿಸ್ಬೇಕು. ಮತ್ತೆ ಅದೇ ನಂಬರಿನ ಹೊಸ ಕನೆಕ್ಷನ್ ಬಂದಾಗ ಹಳೆದನ್ನು ಅಲ್ಲೇ ಕ್ಲೋಸ್ ಮಾಡ್ಬೇಕು. ಮಾವನ ಪಂಪಿನದ್ದಕ್ಕೆ ನನ್ನ ಸಂಶಯ ಬೇರೆ. ನಿಮ್ಮ ಲಾಗಲ್ಲಿ "ಕಳಿಸಿದೆ" ಅಂತ ಉಂಟು ಅಂದ್ರೆ ಆ ಹೊತ್ತಿಗೆ ರೈಟರ್ ಸಿಕ್ಕಿದೆ, ಅದು ಸತ್ತ ಕನೆಕ್ಷನ್ನಿನದ್ದು ಇರ್ಬೇಕು, ನೋಡಿ, ಮಾವನ ಪೆಟ್ಟಿಗೆಯ ಕೊನೆಯ ಸಾಲು ಎಷ್ಟು ಹೊತ್ತಿಗೆ ಬಂದಿತ್ತು?

ಕೊನೆಗೆ ಒಂದು, ಇದಕ್ಕೆ ಪೈಥಾನ್ ಬೇಡ. ಪಂಪು ಉಳಿಸುವ ತೀರ್ಮಾನ ಸರ್ವರಿನ ಕೈಯಲ್ಲಿ ಇರ್ಲೇಬಾರದು. ಟಾಂಕಿ ಇರುದು ಪಂಪಿನ ಬುಡದಲ್ಲಿ, ಸರ್ವರ್ ಇರುದು ಎಲ್ಲಿಯೋ. ನೀರು ಇಷ್ಟಕ್ಕಿಂತ ಕಡಿಮೆ ಆದ್ರೆ ಪೆಟ್ಟಿಗೆಯೇ ರಿಲೇ ತೆಗೀಬೇಕು, ಸಿಮ್ಮಿಗೆ ಸಿಗ್ನಲ್ ಇರ್ಲಿ ಇಲ್ಲದಿರ್ಲಿ. ಸರ್ವರ್ ಇರುದು ನೋಡ್ಲಿಕ್ಕೆ, ತಿಳಿಸ್ಲಿಕ್ಕೆ, ದೂರದಿಂದ ಆನ್ ಆಫ್ ಮಾಡ್ಲಿಕ್ಕೆ. ಫರ್ಮ್‌ವೇರಿಗೆ ಮಳೆಗಾಲದವರೆಗೆ ಕಾಯ್ತೇನೆ ಅಂದ್ರಿ, ಅಷ್ಟರವರೆಗೆ ನೀರು ಕಮ್ಮಿ ಇರುವ ತೋಟಗಳಿಗಾದ್ರೂ ಟಾಂಕಿಯಲ್ಲಿ ಒಂದು ಫ್ಲೋಟ್ ಸ್ವಿಚ್ ಇಳಿಬಿಟ್ಟು ಸ್ಟಾರ್ಟರಿನ ಕಾಯಿಲ್ ಸರ್ಕ್ಯೂಟಿಗೆ ಸೀರೀಸಲ್ಲಿ ಹಾಕಿ. ನಿಮ್ಮ ಕೆಲಸವೇ ಅದು, ನಾನು ಹೇಳ್ಬೇಕಾ.

ಕುಂಬಳೆಹೊಳೆ:

ಅಕ್ಕ ಹೇಳಿದ ಫೈನಲಿ ವಿಷಯ ನಾನು ನನ್ನ ಕೋಡಲ್ಲಿ ಈಗ ಹೋಗಿ ನೋಡಿದೆ, ನನ್ನದರಲ್ಲೂ ಹಾಗೇ ಉಂಟು. ಸರಿ ಮಾಡ್ತೇನೆ.

ಜತ್ತಿನ ಅಣ್ಣನಿಗೆ ಒಂದು ಮಾತು. ಎಂಕ್ಯೂಟಿಟಿ ಒಳ್ಳೆದೇ, ಹೊಸದಾಗಿ ಶುರು ಮಾಡುವವರಿಗೆ ನಾನೂ ಅದನ್ನೇ ಹೇಳ್ತೇನೆ. ಆದ್ರೆ ಬ್ರೋಕರಿನಿಂದ ಡೇಟಾ ತೆಗೆದು ಎಸ್‌ಕ್ಯೂಲೈಟಿಗೆ ಹಾಕುವ, ಎಸ್ಎಂಎಸ್ ಕಳಿಸುವ ಪೈಥಾನ್ ಪ್ರೋಗ್ರಾಮ್ ಹೇಗೂ ಬರೀಬೇಕಲ್ಲ, ಅಲ್ಲಿ ಬ್ಲಾಕ್ ಮಾಡಿದ್ರೆ ಇದೇ ಕಥೆ. ಮತ್ತೆ "ಆಯ್ತು" ಅಂತ ಉತ್ತರ ಅದರಲ್ಲೂ ನಾವೇ ಕೇಳ್ಬೇಕು, ಕ್ಯುಒಎಸ್ 1 (ಸಿಕ್ಕಿತು ಅಂತ ಉತ್ತರ ಬರುವ ಕ್ರಮ) ಅಂದ್ರೆ ಕಳಿಸಿದವರಿಗೆ ಗೊತ್ತಾಗುದು ಮೆಸೇಜ್ ಬ್ರೋಕರಿಗೆ ಸಿಕ್ಕಿತು ಅಂತ ಅಷ್ಟೆ, ಪಂಪು ನಿಂತಿತು ಅಂತ ಅಲ್ಲ.

ಜತ್ತಿನಮಂದಿ:

ಖರೇ ಐತ್ರಿ ನಿಮ್ಮ ಮಾತು. ನಾ ಅದಕ್ಕ ಬ್ಯಾರೆ ಟಾಪಿಕ್ ಮಾಡೇನಿ, ಮೋಟರ್ ಖರೇ ಬಂದ್ ಆದ ಮ್ಯಾಲ ಡಿವೈಸ್ ಅದರಾಗ ಬರೀತೈತಿ. ಅಕ್ಕಾರು ಹೇಳಿದ ಫ್ಲೋಟ್ ಸ್ವಿಚ್ ನಮ್ಮ ಬೋರಿನ್ಯಾಗ ನಡೆಯಂಗಿಲ್ಲ, ನಾವು ಆಂಪಿಯರ್ ಇಳದದ್ದ ನೋಡಿ ಡಿವೈಸಿನ್ಯಾಗ ಬಂದ್ ಮಾಡ್ತೇವಿ, ನೀರ ಇಲ್ದ ತಿರಗಿದ್ರ ಮೋಟರ್ ಕರೆಂಟ್ ಕಡಿಮಿ ಜಗ್ಗತೈತಿ. ಮತ್ತ ಕರೆಂಟ್ ಬಂದ ಕೂಡ್ಲೆ ಎಲ್ಲಾ ಡಿವೈಸ್ ಒಮ್ಮೆಲೆ ಬಾಗಿಲ ಬಡೀಬಾರದು, ಒಂದೊಂದಕ್ಕ ರ‍್ಯಾಂಡಮ್ ಆಗಿ ಸ್ವಲ್ಪ ಹೊತ್ತ ಕಾಯಾಕ ಹೇಳ್ರಿ, ಕನೆಕ್ಟ್ ಆಗಲಿಲ್ಲಂದ್ರ ಕಾಯೂ ಹೊತ್ತ ದುಪ್ಪಟ್ಟ ಮಾಡ್ಕೊಂತ ಹೋಗ್ರಿ. 38ಕ್ಕ ಏನೂ ಆಗೂದಿಲ್ಲ, ಮುಂದ 500 ಆದ್ರ ಬೇಕಾಗತೈತಿ.

ಸುರಂಗದನೀರು:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಲಿಕ್ಕೆ ಬಂದೆ.

ಅಕ್ಕ, ನಿಮ್ಮ ಸಂಶಯ ಸರಿ. ಮಾವನ ಪೆಟ್ಟಿಗೆಯ ಕೊನೆಯ ಸಾಲು ಬಂದದ್ದು ಮಧ್ಯಾಹ್ನ 2:10ಕ್ಕೆ, ಸರ್ವರ್ ಆಫ್ ಕಳಿಸಿದ್ದು 2:31ಕ್ಕೆ. ಇಪ್ಪತ್ತೊಂದು ನಿಮಿಷ ಡೇಟಾ ಕೊಡದ ತೋಟಕ್ಕೆ ಕಳಿಸಿ "ಕಳಿಸಿದೆ" ಅಂತ ಬರ್ಕೊಂಡಿದೆ. ನಡುವೆ ಅದು ಎರಡು ಸಲ ಕನೆಕ್ಟ್ ಮಾಡ್ಲಿಕ್ಕೆ ನೋಡಿದೆ, ನಮ್ಮ ಸರ್ವರ್ ಆಗ ಬೇರೊಂದು ತೋಟದ ಖಾಲಿ ಸಾಲಿನಲ್ಲಿ ಗಿರಗಿರ ತಿರುಗ್ತಾ ಇತ್ತು, ಆಫ್ ಹೋದದ್ದು ನಾನು ರೀಸ್ಟಾರ್ಟ್ ಮಾಡುವ ಮೊದಲು ಅಂತ ತಿಳ್ಕೊಂಡಿದ್ದೆ, ಆದ್ರೆ ಲಾಗ್ ಗಂಟೆ ಸರಿಯಾಗಿ ನೋಡಿದ್ರೆ ರೀಸ್ಟಾರ್ಟ್ ಆದದ್ದು 2:24ಕ್ಕೆ ಮತ್ತು ಆಫ್ ಕಳಿಸಿದ್ದು ರೀಸ್ಟಾರ್ಟ್ ಆದ ಮೇಲೆ. ಅಂದ್ರೆ 2:24ಕ್ಕೆ ಕನೆಕ್ಟ್ ಆಗಿ ನಂಬರ್ ಹೇಳಿ, ಒಂದು ಸಾಲು ಡೇಟಾವನ್ನೂ ಕೊಡದೆ ಮತ್ತೆ ಸಿಗ್ನಲ್ ಹೋಗಿದೆ. ನಾನು ಹಳೆ ಮಟ್ಟ ಡೇಟಾಬೇಸಿನಿಂದ ತೆಗೆದು ತೀರ್ಮಾನ ಮಾಡ್ತಿದ್ದೆ, ಹಾಗಾಗಿ ಆಫ್ ಹೋಯ್ತು, ಕೇಳುವವರು ಯಾರೂ ಇರ್ಲಿಲ್ಲ. ಇದನ್ನು ಬಿಡಿಸ್ಲಿಕ್ಕೆ ಎರಡು ರಾತ್ರಿ ಬೇಕಾಯ್ತು.

ಈಗ 90 ಸೆಕೆಂಡಿನ ಟೈಮ್‌ಔಟ್ ಉಂಟು, ಫೈನಲಿ ಸರಿ ಮಾಡಿದ್ದೇನೆ, ಎಸ್ಎಂಎಸ್ ಕ್ಯೂಗೆ ಹೋಯ್ತು, ಎಸ್‌ಕ್ಯೂಲೈಟ್ ವಾಲ್ ಮೋಡಲ್ಲಿ ಒಂದು ವರ್ಕರಿನ ಎಕ್ಸಿಕ್ಯೂಟರಲ್ಲಿ. ಡಿಬಗ್ ಮೋಡ್ ಹಾಕಿದಾಗ ನಾನು ಊಹಿಸದೇ ಇದ್ದದ್ದು ಒಂದು ಸಿಕ್ಕಿತು, ದಿನಕ್ಕೊಮ್ಮೆ ಲಾಗ್ ಫೈಲನ್ನು ಜಿಪ್ ಮಾಡುದು, ಅದೂ ಲೂಪಲ್ಲೇ ಇತ್ತು, 3 ಸೆಕೆಂಡು ಹಿಡೀತಿತ್ತು. ಅದಕ್ಕೆ ಟು ಥ್ರೆಡ್ ಹಾಕಿದೆ. ಕಳೆದ ಶನಿವಾರ ಕರೆಂಟು ಹೋಗಿ ಬಂದಾಗ 38 ತೋಟವೂ 20 ಸೆಕೆಂಡಿನ ಒಳಗೆ ಬಂತು.

"ಆಯ್ತು" ಅಂತ ಉತ್ತರ ಕೊಡುವ ಫರ್ಮ್‌ವೇರ್ ಮತ್ತೆ ಪೆಟ್ಟಿಗೆಯೇ ರಿಲೇ ತೆಗೆಯುದು, ಇದೆರಡನ್ನು ಮಳೆಗಾಲಕ್ಕೆ ಕಾಯದೆ ನೀರು ಕಮ್ಮಿ ಇರುವ 9 ತೋಟಕ್ಕೆ ಹೋಗಿ ಹಾಕಿ ಬಂದೆ. ಫ್ಲೋಟ್ ಸ್ವಿಚ್ 14 ತೋಟಕ್ಕೆ ಆಯ್ತು. ಮಾವನ ಮೋಟರ್ ನಾನೇ ರಿವೈಂಡಿಂಗ್ ಮಾಡಿಸಿ ಕೊಟ್ಟೆ. ಮೊನ್ನೆ ಸಂಜೆ ಅಲ್ಲಿ ನೀರು ಇಳಿದಾಗ ಪೆಟ್ಟಿಗೆ ತಾನೇ ಆಫ್ ಮಾಡಿ ಸರ್ವರಿಗೆ ಹೇಳಿತು, ಎಸ್ಎಂಎಸ್ ಬಂತು, ಮಾವ ಫೋನ್ ಮಾಡಿ "ನಿನ್ನ ಪೆಟ್ಟಿಗೆ ಕಾಗದ ಹಾಕಿದೆ ಮಾರಾಯ" ಅಂದ್ರು.

ಒಂದು ಸಣ್ಣ ಪ್ರಶ್ನೆ ಬಾಕಿ. ಸರ್ವರ್ ಹೊಸ ಕೋಡ್ ಹಾಕಿ ರೀಸ್ಟಾರ್ಟ್ ಮಾಡುವಾಗ ಕ್ಯೂನಲ್ಲಿ ಬಾಕಿ ಇದ್ದ ಎಸ್ಎಂಎಸ್ ಹೋಗುದಿಲ್ಲ, ಅದಕ್ಕೆ ಎಂತ ಮಾಡುದು?

ನೀರ್ಚಾಲಿನವ:

ಓದಿ ತುಂಬ ಖುಷಿ ಆಯ್ತು. ರೀಸ್ಟಾರ್ಟ್ ಮಾಡುವಾಗ ಸಿಸ್ಟಮ್‌ಡಿ (ಲಿನಕ್ಸಲ್ಲಿ ಪ್ರೋಗ್ರಾಮ್ ಶುರು ಮಾಡಿ ನಿಲ್ಲಿಸುವುದು) ನಿಮಗೆ ಸಿಗ್‌ಟರ್ಮ್, ಅಂದ್ರೆ ನಿಲ್ಲು ಅಂತ ಸಿಗ್ನಲ್, ಕಳಿಸ್ತದೆ. ಲೂಪಿಗೆ ಆಡ್ ಸಿಗ್ನಲ್ ಹ್ಯಾಂಡ್ಲರ್ ಅಂತ ಉಂಟು, ಅದರಲ್ಲಿ ಒಂದು ಇವೆಂಟ್ ಸೆಟ್ ಮಾಡಿ. ಮೇನ್ ಫಂಕ್ಷನ್ ಆ ಇವೆಂಟಿಗೆ ಕಾಯ್ತಾ ಇರ್ಲಿ. ಸೆಟ್ ಆದ ಕೂಡ್ಲೆ ಮೊದಲು ಸರ್ವರ್ ಕ್ಲೋಸ್ ಮಾಡಿ, ಹೊಸ ಕನೆಕ್ಷನ್ ಬರುದು ನಿಲ್ತದೆ. ಮತ್ತೆ ತೋಟದ ರೈಟರುಗಳನ್ನು ಕ್ಲೋಸ್ ಮಾಡಿ, ಆಮೇಲೆ ಕ್ಯೂನ ಜಾಯಿನಿಗೆ 30 ಸೆಕೆಂಡಿನ ಟೈಮ್‌ಔಟ್ ಕೊಟ್ಟು ಕಾಯಿರಿ. ಕ್ಯೂನಿಂದ ತೆಗೆದ ಒಂದೊಂದಕ್ಕೂ ಟಾಸ್ಕ್ ಡನ್ ಹೇಳ್ಲೇಬೇಕು, ಎಸ್ಎಂಎಸ್ ಫೇಲ್ ಆದ್ರೂ ಸಹ, ಇಲ್ಲದಿದ್ರೆ ಜಾಯಿನ್ ಮುಗಿಯುದಿಲ್ಲ. ಸಿಸ್ಟಮ್‌ಡಿ ಡಿಫಾಲ್ಟಾಗಿ 90 ಸೆಕೆಂಡು ಕಾದು ಮತ್ತೆ ಕೊಲ್ಲುದು, ಹಾಗಾಗಿ 30 ಆರಾಮ. ಅಷ್ಟರಲ್ಲಿ ಹೋಗದೆ ಉಳಿದದ್ದನ್ನು ಎಸ್‌ಕ್ಯೂಲೈಟಿಗೆ ಬರೆದಿಟ್ಟು, ಶುರು ಆಗುವಾಗ ತೆಗೆದು ಮತ್ತೆ ಕ್ಯೂಗೆ ಹಾಕಿ. ಎಕ್ಸಿಕ್ಯೂಟರನ್ನು ಎಲ್ಲದರ ಕೊನೆಗೆ ಮುಚ್ಚಿ, ಮೊದಲೇ ಮುಚ್ಚಿದ್ರೆ ಈ ಬರೆದಿಡುದು ಆಗುದಿಲ್ಲ.